ಪುಟ್ಟ ಯುದ್ಧನೌಕೆ, ದೊಡ್ಡ ಲೆಕ್ಕ: ‘350 ಪಟ್ಟು ಚಿಕ್ಕದು’ ಎಂದರೆ ಏನೇನು ಚಿಕ್ಕದು?

ಹಳೆಯ ಯುದ್ಧನೌಕೆಗಳ ಫೋಟೋ, ವಿಡಿಯೋಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತವೆ. ಅವುಗಳಲ್ಲಿ ಕೆಲವು ನಿಜವಾದ ಹಡಗಿನವು, ಕೆಲವು ಮೇಜಿನ ಮೇಲೆ ಕೂರಿಸಿದ ಪ್ಲಾಸ್ಟಿಕ್ ಮಾದರಿಯವು. ಇನ್ನು ಕೆಲವು ಹಳೆಯ ಕಪ್ಪು-ಬಿಳುಪು ಚಿತ್ರಕ್ಕೆ ಕಂಪ್ಯೂಟರ್ ಬಣ್ಣ ತುಂಬಿದವು. ಮಾದರಿಯ ಚಿತ್ರವಾದರೆ ಕೆಳಗೆ ಒಂದು ಒಕ್ಕಣೆಯೂ ಇರುತ್ತದೆ: ‘ಅಸಲಿ ಹಡಗಿನ ಪಡಿಯಚ್ಚು’, ‘ಒಂದು ಮೊಳೆಯೂ ವ್ಯತ್ಯಾಸವಿಲ್ಲ’, ‘ಎಲ್ಲವೂ ಸರಿಯಾಗಿ 350 ಪಟ್ಟು ಚಿಕ್ಕದು’.

ಇದರಲ್ಲಿ ಎಷ್ಟು ನಿಜ? ಒಂದೇ ಒಂದು ಹಡಗನ್ನು ಉದಾಹರಣೆಯಾಗಿ ಇಟ್ಟುಕೊಂಡು ನಾವು ಲೆಕ್ಕ ಹಾಕಿ ನೋಡೋಣ. ಆ ಹಡಗು ಜಪಾನಿನ ‘ಮಿಕಾಸಾ’.

ಚುಟುಕಾಗಿ ಹೇಳುವುದಾದರೆ:

- ಮಾದರಿಯಲ್ಲಿ ಉದ್ದ ಮಾತ್ರ 350 ಪಟ್ಟು ಚಿಕ್ಕದಾಗುತ್ತದೆ. ತೂಕ, ಬಣ್ಣ ಬಳಿಯುವ ಮೈ, ವೇಗ ಇವು ಬೇರೆ ಬೇರೆ ಲೆಕ್ಕದಲ್ಲಿ ಇಳಿಯುತ್ತವೆ.
- ನೀರಿನ ಹನಿ, ಗಾಳಿ, ಅಂಟಿನ ಹೊಗೆ ಇವು ಚಿಕ್ಕದಾಗುವುದೇ ಇಲ್ಲ.
- ಇಂದು ಕಣ್ಣೆದುರು ನಿಂತಿರುವ ಅಸಲಿ ಹಡಗು ಕೂಡ 1905ರ ಹಡಗಿನ ಪೂರ್ತಿ ಸಾಕ್ಷಿಯಲ್ಲ.
- ಬಣ್ಣ ತುಂಬಿದ ಹಳೆಯ ಫೋಟೋವನ್ನು ಬಣ್ಣಕ್ಕೆ ಪುರಾವೆ ಎಂದು ನಂಬುವಂತಿಲ್ಲ.

ಮಿಕಾಸಾ ಯಾವ ಹಡಗು?

ಮಿಕಾಸಾವನ್ನು ಜಪಾನಿಗಾಗಿ ಕಟ್ಟಿದ್ದು ಇಂಗ್ಲೆಂಡಿನ ಬ್ಯಾರೋ ಪಟ್ಟಣದ ವಿಕರ್ಸ್ ಕಂಪನಿ. 1899ರಲ್ಲಿ ಕೆಲಸ ಶುರುವಾಯಿತು, 1900ರ ನವೆಂಬರ್‌ನಲ್ಲಿ ಒಡಲು ನೀರಿಗಿಳಿಯಿತು, 1902ರಲ್ಲಿ ಹಡಗು ಪೂರ್ಣಗೊಂಡಿತು. ಉದ್ದ ಸುಮಾರು 132 ಮೀಟರ್, ಅಗಲ ಸುಮಾರು 23 ಮೀಟರ್. ಮುಂದೊಂದು ಹಿಂದೊಂದು ತಿರುಗುವ ಗೋಪುರ. ಪ್ರತಿ ಗೋಪುರದಲ್ಲಿ 12 ಇಂಚು ಬಾಯಿಯ ಎರಡು ಫಿರಂಗಿ. ಪಕ್ಕಗಳಲ್ಲಿ 6 ಇಂಚಿನ 14 ಫಿರಂಗಿ. ಕಲ್ಲಿದ್ದಲು ಉರಿಸುವ 25 ಬಾಯ್ಲರ್‌ಗಳಿದ್ದವು, ವೇಗ 18 ನಾಟ್, ಅಂದರೆ ಗಂಟೆಗೆ ಸುಮಾರು 33 ಕಿಲೋಮೀಟರ್. ಹಡಗಿನಲ್ಲಿ ಎಂಟುನೂರಕ್ಕೂ ಹೆಚ್ಚು ಜನ ಕೆಲಸ ಮಾಡುತ್ತಿದ್ದರು.

ಈ ಬಗೆಯ ಹಡಗುಗಳನ್ನು ಇಂದು ‘ಪ್ರಿ-ಡ್ರೆಡ್‌ನಾಟ್’ ಎನ್ನುತ್ತಾರೆ. ಆಗ ಹಾಗೆ ಯಾರೂ ಕರೆಯುತ್ತಿರಲಿಲ್ಲ. 1906ರಲ್ಲಿ ಬ್ರಿಟನ್ ‘ಡ್ರೆಡ್‌ನಾಟ್’ ಎಂಬ ಹೊಸ ನೌಕೆಯನ್ನು ಇಳಿಸಿತು. ಅದರಲ್ಲಿ 12 ಇಂಚಿನ ಹತ್ತು ಫಿರಂಗಿಗಳಿದ್ದವು, ಸ್ಟೀಮ್ ಟರ್ಬೈನ್ ಇತ್ತು, ವೇಗ 21 ನಾಟ್. ಅದರ ಎದುರು ಹಿಂದಿನ ಯುದ್ಧನೌಕೆಗಳೆಲ್ಲ ಒಂದೇ ಏಟಿಗೆ ಹಳತಾದವು. ಆ ಮೇಲೆ ಬಂದ ಹೆಸರು ಇದು.

1905ರ ಮೇ 27 ಮತ್ತು 28ರಂದು ಸುಶಿಮಾ ಜಲಸಂಧಿಯಲ್ಲಿ ಜಪಾನಿನ ನೌಕಾಪಡೆ ರಷ್ಯಾದ ನೌಕಾಪಡೆಯನ್ನು ಸೋಲಿಸಿತು. ದಳಪತಿ ಟೋಗೊ ಹೈಹಾಚಿರೋ ಇದ್ದದ್ದು ಮಿಕಾಸಾದಲ್ಲಿ. ರಷ್ಯಾದ ನಾಲ್ಕು ಸಾವಿರಕ್ಕೂ ಹೆಚ್ಚು ನಾವಿಕರು ಸತ್ತರು. ಜಪಾನಿನ ಕಡೆ ನೂರಕ್ಕೂ ಹೆಚ್ಚು ಜನ ಸತ್ತರು. ಯುರೋಪಿನ ದೊಡ್ಡ ಶಕ್ತಿಯೊಂದನ್ನು ಏಷ್ಯಾದ ದೇಶ ಸೋಲಿಸಿದ ಸುದ್ದಿ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತದಲ್ಲೂ ಸಂಚಲನ ಮೂಡಿಸಿತು. ಆಗಿನ್ನೂ ಹುಡುಗನಾಗಿದ್ದ ಜವಾಹರಲಾಲ್ ನೆಹರು ಓದಲು ಇಂಗ್ಲೆಂಡಿಗೆ ಬಂದಿಳಿದಾಗ, ರೈಲಿನಲ್ಲಿ ಸುಶಿಮಾದ ಸುದ್ದಿ ಓದಿ ಖುಷಿಪಟ್ಟದ್ದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಪ್ರಿ-ಡ್ರೆಡ್‌ನಾಟ್ ಕಾಲದ ಯುದ್ಧನೌಕೆಗಳಲ್ಲಿ ಇವತ್ತಿಗೆ ಉಳಿದಿರುವುದು ಮಿಕಾಸಾ ಒಂದೇ. ಅದಕ್ಕೇ ಮಾದರಿ ಕಟ್ಟುವವರಿಗೆ ಇದರ ಮೇಲೆ ಪ್ರೀತಿ ಜಾಸ್ತಿ. ಜಪಾನಿನ ಹಸೆಗಾವಾ ಕಂಪನಿ 1/350 ಅಳತೆಯ ಕಿಟ್ ತಯಾರಿಸಿದೆ. ಈಗ ಒಂದೊಂದೇ ನಂಬಿಕೆಯನ್ನು ನೋಡೋಣ.

ನಂಬಿಕೆ 1: ‘1/350 ಎಂದರೆ ತೂಕವೂ 350ರಲ್ಲಿ ಒಂದು ಪಾಲು’

ವಾಸ್ತವ: ಅಲ್ಲ. ತೂಕ ನಾಲ್ಕು ಕೋಟಿಗೂ ಹೆಚ್ಚು ಪಟ್ಟು ಇಳಿಯುತ್ತದೆ.

ಅಡುಗೆಮನೆಯ ಉದಾಹರಣೆಯಿಂದ ಶುರು ಮಾಡೋಣ. ಎಲ್ಲ ಕಡೆಯೂ ಒಂದು ಇಂಚು ಇರುವ ಮೈಸೂರು ಪಾಕ್ ತುಂಡು ಒಂದಿದೆ ಎಂದುಕೊಳ್ಳಿ. ಪಕ್ಕದಲ್ಲಿ ಎಲ್ಲ ಕಡೆಯೂ ಎರಡು ಇಂಚು ಇರುವ ಇನ್ನೊಂದು ತುಂಡು. ಎರಡನೆಯದು ನೋಡಲು ‘ಎರಡು ಪಟ್ಟು’ ದೊಡ್ಡದು. ಆದರೆ ಅದನ್ನು ಕತ್ತರಿಸಿದರೆ ಒಂದು ಇಂಚಿನ ಎಂಟು ತುಂಡು ಸಿಗುತ್ತವೆ. ಉದ್ದ ಎರಡು ಪಟ್ಟು, ಅಗಲ ಎರಡು ಪಟ್ಟು, ಎತ್ತರ ಎರಡು ಪಟ್ಟು, ಗುಣಿಸಿದರೆ ಎಂಟು. ತೂಕವೂ ಎಂಟು ಪಟ್ಟು.

ಹಡಗಿಗೂ ಇದೇ ಲೆಕ್ಕ. 350ನ್ನು ಮೂರು ಸಲ ಗುಣಿಸಿದರೆ 4,28,75,000 ಬರುತ್ತದೆ. ಮಿಕಾಸಾದ ತೂಕ, ಅಂದರೆ ಅದು ಪಕ್ಕಕ್ಕೆ ಸರಿಸುತ್ತಿದ್ದ ಸಮುದ್ರದ ನೀರಿನ ತೂಕ, ಸುಮಾರು 15,380 ಟನ್. ಇದನ್ನು ಬರೀ 350ರಿಂದ ಭಾಗಿಸಿದರೆ ಸುಮಾರು 44 ಟನ್ ಆಗುತ್ತದೆ. ಅಂದರೆ ಶೋಕೇಸಿನಲ್ಲಿ ಸರಕು ತುಂಬಿದ ದೊಡ್ಡ ಟ್ರೇಲರ್ ಲಾರಿ ಇಟ್ಟಂತೆ. ಸರಿಯಾದ ಲೆಕ್ಕದಲ್ಲಿ ಬರುವುದು ಸುಮಾರು 359 ಗ್ರಾಂ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್‌ಗಿಂತಲೂ ಹಗುರ.

ಇದು ಬರೀ ಮೋಜಿನ ಲೆಕ್ಕವಲ್ಲ. 1/350ರ ಮಿಕಾಸಾ ಮಾದರಿಯನ್ನು ನೀರಿಗೆ ಬಿಟ್ಟಾಗ ಅದು ನಿಜವಾದ ಹಡಗು ಮುಳುಗುತ್ತಿದ್ದಷ್ಟೇ ಮುಳುಗಬೇಕೆಂದರೆ ಒಟ್ಟು ತೂಕ ಇಷ್ಟೇ ಇರಬೇಕು. ಉಪ್ಪುನೀರಿಗಿಂತ ಸಿಹಿನೀರು ಸ್ವಲ್ಪ ಹಗುರ. ಹಾಗಾಗಿ ಮನೆಯ ತೊಟ್ಟಿಯಲ್ಲಾದರೆ ಸುಮಾರು 350 ಗ್ರಾಂ ಸಾಕು. ಕಿಟ್ ಇದಕ್ಕಿಂತ ಹಗುರವಾಗಿದ್ದರೆ ಒಡಲಿನ ತಳದಲ್ಲಿ ಭಾರ ಇಡಬೇಕು. ಮೇಲೆ ಇಟ್ಟರೆ ಮಗುಚಿಕೊಳ್ಳುತ್ತದೆ.

ಬಣ್ಣ ಬಳಿಯುವ ಮೈಗೆ ಮತ್ತೊಂದು ಲೆಕ್ಕ. ಅಲ್ಲಿ ಉದ್ದ ಮತ್ತು ಅಗಲ ಎರಡೇ ಇರುವುದರಿಂದ 350ನ್ನು ಎರಡು ಸಲ ಗುಣಿಸಬೇಕು: 1,22,500 ಪಟ್ಟು ಕಡಿಮೆ.

ನಂಬಿಕೆ 2: ‘ಮಾದರಿಯ ಪ್ರತಿಯೊಂದು ಭಾಗವೂ ಅದೇ ಅಳತೆಯಲ್ಲಿದೆ’

ವಾಸ್ತವ: ಒಡಲು, ಗೋಪುರ, ಹೊಗೆ ಕೊಳವೆಗಳಂಥ ದೊಡ್ಡ ಭಾಗಗಳನ್ನು ಅಳತೆಗೆ ಸರಿಯಾಗಿ ಮಾಡಬಹುದು. ಸಣ್ಣವನ್ನು ಮಾಡುವುದು ಬಹಳ ಕಷ್ಟ, ಕೆಲವೊಮ್ಮೆ ಅಸಾಧ್ಯ.

1/350ರಲ್ಲಿ ಮಿಕಾಸಾದ ಉದ್ದ ಸುಮಾರು 37.6 ಸೆಂಟಿಮೀಟರ್. ಶಾಲೆಯ 30 ಸೆಂಟಿಮೀಟರ್ ಸ್ಕೇಲಿಗಿಂತ ತುಸು ಹೆಚ್ಚು ಉದ್ದ. 12 ಇಂಚಿನ ಫಿರಂಗಿಯ ಬಾಯಿ 0.87 ಮಿಲಿಮೀಟರ್ ಆಗುತ್ತದೆ. 1.7 ಮೀಟರ್ ಎತ್ತರದ ನಾವಿಕ ಐದು ಮಿಲಿಮೀಟರಿಗಿಂತ ತುಸು ಕಡಿಮೆ, ಸರಿಸುಮಾರು ಒಂದು ಸೋನಾ ಮಸೂರಿ ಅಕ್ಕಿಕಾಳು. ಇಲ್ಲಿಯವರೆಗೆ ಕೈಗೆಟುಕುವ ಕೆಲಸ.

ಡೆಕ್ಕಿನ ಅಂಚಿನ ರೇಲಿಂಗ್ ನೋಡಿ. ನಿಜವಾದ ಹಡಗಿನಲ್ಲಿ ಅದರ ಸರಿಗೆ 20 ಮಿಲಿಮೀಟರ್ ದಪ್ಪ ಇತ್ತು ಎಂದಿಟ್ಟುಕೊಂಡರೂ ಮಾದರಿಯಲ್ಲಿ ಅದು 0.06 ಮಿಲಿಮೀಟರ್ ಆಗಬೇಕು. ಅದು ತಲೆಗೂದಲಿನ ದಪ್ಪ. ಅಚ್ಚಿಗೆ ಬಿಸಿ ಪ್ಲಾಸ್ಟಿಕ್ ಸುರಿದು ಅಷ್ಟು ತೆಳುವಾದ, ಉದ್ದವಾದ ಕಡ್ಡಿ ತೆಗೆಯಲು ಆಗುವುದಿಲ್ಲ. 0.3 ಮಿಲಿಮೀಟರಿನ ಪ್ಲಾಸ್ಟಿಕ್ ರೇಲಿಂಗ್ ಅಂಟಿಸಿದರೆ ನಿಜ ಅಳತೆಯಲ್ಲಿ ಅದು ಹತ್ತು ಸೆಂಟಿಮೀಟರ್ ದಪ್ಪದ ಪೈಪ್ ಆಗುತ್ತದೆ. ಹಡಗಿನ ಸುತ್ತ ಮನೆಯ ಚರಂಡಿ ಪೈಪ್ ಕಟ್ಟಿದಂತೆ.

ಇದಕ್ಕಾಗಿ ಹವ್ಯಾಸಿಗಳು ರಾಸಾಯನಿಕದಿಂದ ಕೊರೆದ ತೆಳು ಹಿತ್ತಾಳೆ ಹಾಳೆ ಬಳಸುತ್ತಾರೆ. 0.15 ಮಿಲಿಮೀಟರ್ ಹಾಳೆಯಾದರೆ ನಿಜ ಅಳತೆಯಲ್ಲಿ ಐದು ಸೆಂಟಿಮೀಟರ್. ಇದೂ ದಪ್ಪವೇ, ಆದರೆ ಕಣ್ಣಿಗೆ ಒಪ್ಪುತ್ತದೆ. ಎರಡು ಕಂಬಗಳ ನಡುವಿನ ವೈರ್‌ಲೆಸ್ ತಂತಿಗಳಿಗೂ ಇದೇ ತೊಂದರೆ. ಸುಶಿಮಾ ಕದನದಲ್ಲಿ ಜಪಾನಿಯರು ವೈರ್‌ಲೆಸ್ ಬಳಸಿದ್ದರು, ರಷ್ಯಾದ ಹಡಗುಗಳು ಕಂಡ ಸುದ್ದಿ ಬಂದದ್ದೇ ಅದರ ಮೂಲಕ. ಹಾಗಾಗಿ 1905ರ ಮಿಕಾಸಾಕ್ಕೆ ತಂತಿ ಇರಲೇಬೇಕು. ಎಳೆ ತೆಳುವಾದಷ್ಟೂ ಮಾದರಿ ನಿಜವೆನಿಸುತ್ತದೆ.

ಬಣ್ಣದ ಪದರವೂ ಲೆಕ್ಕಕ್ಕೆ ಬರುತ್ತದೆ. 0.03 ಮಿಲಿಮೀಟರ್ ದಪ್ಪ ಬಣ್ಣ ಬಳಿದರೆ ನಿಜ ಅಳತೆಯಲ್ಲಿ ಒಂದು ಸೆಂಟಿಮೀಟರ್ ದಪ್ಪದ ಲೇಪ. ಕಿಟಕಿ, ಬಾಗಿಲು, ಹಲಗೆಯ ಗೆರೆ ಎಲ್ಲ ಅದರಡಿ ಹೂತುಹೋಗುತ್ತವೆ. ‘ದಪ್ಪಗೆ ಒಂದೇ ಕೋಟ್’ಗಿಂತ ‘ತೆಳ್ಳಗೆ ಮೂರು ಕೋಟ್’ ಒಳ್ಳೆಯದು ಎನ್ನುವುದು ಇದಕ್ಕೇ.

ನಂಬಿಕೆ 3: ‘ಅಸಲಿ ಹಡಗೇ ಇದೆಯಲ್ಲ, ಅದನ್ನು ನೋಡಿ ಮಾಡಿದರಾಯಿತು’

ವಾಸ್ತವ: ಇಂದಿನ ಮಿಕಾಸಾವನ್ನು ಹಾಗೇ ನಕಲು ಮಾಡಿದರೆ ಸಿಗುವುದು ಇಂದಿನ ಮಿಕಾಸಾ. 1905ರದ್ದು ಸಿಗುವುದಿಲ್ಲ.

ಹಡಗಿನ ಕಥೆ ಸುಶಿಮಾಕ್ಕೆ ಮುಗಿಯಲಿಲ್ಲ. ಕದನ ಗೆದ್ದು ನಾಲ್ಕು ತಿಂಗಳೂ ಆಗಿರಲಿಲ್ಲ, 1905ರ ಸೆಪ್ಟೆಂಬರ್‌ನಲ್ಲಿ ಸಾಸೆಬೊ ಬಂದರಿನಲ್ಲಿ ನಿಂತಿದ್ದಾಗಲೇ ಮದ್ದಿನ ಕೋಣೆ ಸ್ಫೋಟಿಸಿ ಮಿಕಾಸಾ ಮುಳುಗಿತು. ನೂರಾರು ನಾವಿಕರು ಸತ್ತರು. 1906ರಲ್ಲಿ ಹಡಗನ್ನು ಮೇಲೆತ್ತಿದರು. ದುರಸ್ತಿಯ ವೇಳೆ ಹೆಚ್ಚು ಶಕ್ತಿಯ ಹೊಸ ಫಿರಂಗಿಗಳನ್ನು ಕೂರಿಸಿದರು. 1908ರಲ್ಲಿ ಅದು ಮತ್ತೆ ಸೇವೆಗೆ ಬಂತು.

1922ರ ವಾಷಿಂಗ್ಟನ್ ನೌಕಾ ಒಪ್ಪಂದದ ನಂತರ ಮಿಕಾಸಾವನ್ನು ಸೇವೆಯಿಂದ ತೆಗೆದು, ಯೊಕೊಸುಕಾದಲ್ಲಿ ಸ್ಮಾರಕವಾಗಿ ಉಳಿಸಿದರು. ಒಡಲಿನ ಸುತ್ತ ಕಾಂಕ್ರೀಟ್ ಹಾಕಿ ನೆಲಕ್ಕೆ ಕೂರಿಸಿದರು. 1926ರಲ್ಲಿ ಸ್ಮಾರಕ ತೆರೆಯಿತು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತ ಮೇಲೆ ಫಿರಂಗಿ, ಕಂಬ, ಡೆಕ್ಕಿನ ಮೇಲಿನ ಕಟ್ಟಡಗಳನ್ನು ಕಿತ್ತುಹಾಕಲಾಯಿತು. ಆ ಜಾಗದಲ್ಲಿ ನೃತ್ಯಶಾಲೆ ಮತ್ತು ಮೀನಿನ ಅಕ್ವೇರಿಯಂ ಬಂದವು.

1950ರ ದಶಕದಲ್ಲಿ ಹಡಗನ್ನು ಮತ್ತೆ ಸರಿಪಡಿಸುವ ಪ್ರಯತ್ನ ಶುರುವಾಯಿತು. ಯುದ್ಧದಲ್ಲಿ ಜಪಾನಿನ ವಿರುದ್ಧ ಅಮೆರಿಕದ ಪೆಸಿಫಿಕ್ ನೌಕಾಪಡೆಯನ್ನು ಮುನ್ನಡೆಸಿದ್ದ ಅಡ್ಮಿರಲ್ ನಿಮಿಟ್ಜ್ ಅವರೇ ಇದಕ್ಕೆ ಬೆಂಬಲ ಕೊಟ್ಟರು. ಅದೇ ವೇಳೆಗೆ ಚಿಲಿ ದೇಶದ ‘ಅಲ್ಮಿರಾಂತೆ ಲತೋರೆ’ ಎಂಬ ಹಳೆಯ ಯುದ್ಧನೌಕೆ ಒಡೆಯುವುದಕ್ಕಾಗಿ ಜಪಾನಿಗೆ ಬಂದಿತ್ತು. ಅದರ ಕೆಲವು ಭಾಗಗಳು ಮಿಕಾಸಾಕ್ಕೆ ಸಿಕ್ಕವು. 1961ರ ಮೇ 27ರಂದು, ಸುಶಿಮಾ ಕದನದ ದಿನವೇ, ಸ್ಮಾರಕ ಮತ್ತೆ ತೆರೆಯಿತು. ಇವತ್ತು ಅಲ್ಲಿ ಹೋದವರು ಫೋಟೋ ತೆಗೆದುಕೊಳ್ಳುವ ದೊಡ್ಡ ಫಿರಂಗಿಗಳು ನಂತರ ಮಾಡಿ ಇಟ್ಟ ಪ್ರತಿಕೃತಿಗಳು.

ಅಂದರೆ 132 ಮೀಟರಿನ ಆ ಹಡಗೂ ಭಾಗಶಃ ಒಂದು ಮಾದರಿಯೇ, 1/1 ಅಳತೆಯ ಮಾದರಿ. ಅದರ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ಒಡಲು ಅದೇ ಒಡಲು. ಆದರೆ ‘ಅಲ್ಲಿ ಹೀಗಿದೆ, ಹಾಗಾಗಿ 1905ರಲ್ಲೂ ಹೀಗೇ ಇತ್ತು’ ಎಂಬ ವಾದ ನಿಲ್ಲುವುದಿಲ್ಲ.

ಆದ್ದರಿಂದ ಮಾದರಿ ಕಟ್ಟುವವರು ಮೊದಲು ಒಂದು ದಿನಾಂಕ ಆರಿಸಿಕೊಳ್ಳಬೇಕು. ‘ಮಿಕಾಸಾ’ ಎಂದರೆ ಸಾಲದು. ‘1905ರ ಮೇ ತಿಂಗಳ ಮಿಕಾಸಾ’ ಎನ್ನಬೇಕು. ಆ ಮೇಲೆ ಆ ದಿನಾಂಕಕ್ಕೆ ಹತ್ತಿರದ ಫೋಟೋ, ಕಟ್ಟಿದವರ ನಕ್ಷೆ ಹುಡುಕಬೇಕು. ಆ ಕಾಲದ ಹಲವು ಯುದ್ಧನೌಕೆಗಳ ಪಕ್ಕಕ್ಕೆ ಟಾರ್ಪಿಡೊ ತಡೆಯುವ ಉಕ್ಕಿನ ಬಲೆ ಮತ್ತು ಅದನ್ನು ಹೊರಕ್ಕೆ ಚಾಚುವ ಉದ್ದದ ಕೋಲುಗಳಿರುತ್ತಿದ್ದವು. ಬಲೆ ಕಟ್ಟುವುದು, ಬಿಚ್ಚುವುದು ನಡೆಯುತ್ತಲೇ ಇತ್ತು. ನೀವು ಆರಿಸಿದ ದಿನಾಂಕದಲ್ಲಿ ಅದು ಇತ್ತೇ ಎಂಬುದಕ್ಕೆ ಕಿಟ್ ಪೆಟ್ಟಿಗೆಯ ಮೇಲಿನ ಬಣ್ಣದ ಚಿತ್ರ ಉತ್ತರವಲ್ಲ.

ನಂಬಿಕೆ 4: ‘ಹಳೇ ಫೋಟೋ ನೋಡಿದರೆ ಬಣ್ಣ ಗೊತ್ತಾಗುತ್ತದೆ’

ವಾಸ್ತವ: ಕಪ್ಪು-ಬಿಳುಪು ಫೋಟೋದಿಂದ ಬಣ್ಣ ಹೇಳುವುದು ಅಪಾಯದ ಕೆಲಸ. ಅದರಲ್ಲೂ 1900ರ ಆಸುಪಾಸಿನ ಫೋಟೋ.

ಆ ಕಾಲದ ಸಾಮಾನ್ಯ ಫೋಟೋ ಗಾಜುಗಳಿಗೆ ಕೆಂಪು ಬೆಳಕು ಹೆಚ್ಚುಕಡಿಮೆ ‘ಕಾಣುತ್ತಿರಲಿಲ್ಲ’, ನೀಲಿ ಚೆನ್ನಾಗಿ ಕಾಣುತ್ತಿತ್ತು. ಹಾಗಾಗಿ ಕೆಂಪು ಬಣ್ಣ ಫೋಟೋದಲ್ಲಿ ಕಪ್ಪಗೆ, ನೀಲಿ ಬಣ್ಣ ಬಿಳಿಚಿಕೊಂಡು ಬರುತ್ತಿತ್ತು. ಹಡಗಿನ ತಳಕ್ಕೆ ಬಳಿದ ಕೆಂಪು ಮತ್ತು ಮೇಲಿನ ಗಾಢ ಬೂದು ಎರಡೂ ಒಂದೇ ಥರ ಕಾಣಬಹುದು. ಯುದ್ಧದ ವೇಳೆ ಜಪಾನಿನ ಯುದ್ಧನೌಕೆಗಳು ಬೂದು ಬಣ್ಣದಲ್ಲಿದ್ದವು ಎಂಬುದು ಗೊತ್ತಿರುವ ವಿಷಯ. ಆದರೆ ಎಷ್ಟು ಗಾಢ ಬೂದು, ನೀಲಿ ಕಡೆಗೋ ಕಂದು ಕಡೆಗೋ ಎಂಬುದನ್ನು ಫೋಟೋ ಒಂದರಿಂದಲೇ ತೀರ್ಮಾನಿಸಲಾಗದು.

ಈಗ ಫೋನಿನಲ್ಲೇ ಹಳೆಯ ಫೋಟೋಗೆ ಬಣ್ಣ ತುಂಬುವ ಆ್ಯಪ್‌ಗಳಿವೆ. ಆ್ಯಪ್‌ಗೆ ಹಡಗಿನ ಬಣ್ಣ ಗೊತ್ತಿರುವುದಿಲ್ಲ. ತಾನು ಕಲಿತ ಲಕ್ಷಾಂತರ ಚಿತ್ರಗಳ ಆಧಾರದ ಮೇಲೆ ‘ಇಲ್ಲಿ ಇಂಥ ಬಣ್ಣ ಇರಬಹುದು’ ಎಂದು ಊಹಿಸುತ್ತದೆ. ಸಮುದ್ರ ನೀಲಿ, ಮರ ಕಂದು, ಕಬ್ಬಿಣ ಬೂದು. ಊಹೆ ಸರಿಯಾಗಿರಲೂಬಹುದು. ಆದರೂ ಅದು ಊಹೆಯೇ. ‘1905ರ ಅಪರೂಪದ ಕಲರ್ ಫೋಟೋ’ ಎಂಬ ಒಕ್ಕಣೆಯೊಂದಿಗೆ ಯುದ್ಧನೌಕೆಯ ಚಿತ್ರ ಬಂದರೆ ಮೊದಲು ಅನುಮಾನಿಸಬೇಕಾದದ್ದು ಆ ಬಣ್ಣವನ್ನೇ.

ಇನ್ನೊಂದು ಮಾತು. ಮಿಕಾಸಾದ ಮೇಲ್ಗಟ್ಟೆಯಲ್ಲಿ ಟೋಗೊ ಖಡ್ಗ ಹಿಡಿದು ನಿಂತಿರುವ ಪ್ರಸಿದ್ಧ ಚಿತ್ರ ನಿಮಗೂ ಬಂದಿರಬಹುದು. ಅದು ಕಲಾವಿದರು ಬರೆದ ವರ್ಣಚಿತ್ರ, ಕದನದಲ್ಲಿ ತೆಗೆದ ಫೋಟೋ ಅಲ್ಲ.

ನಂಬಿಕೆ 5: ‘ನೀರಿಗೆ ಬಿಟ್ಟರೆ ನಿಜವಾದ ಹಡಗಿನಂತೆಯೇ ಸಾಗುತ್ತದೆ’

ವಾಸ್ತವ: ವೇಗವನ್ನು ಬೇರೆ ಲೆಕ್ಕದಲ್ಲಿ ಇಳಿಸಿದರೆ ಅಲೆಗಳು ಹೊಂದುತ್ತವೆ. ಆದರೆ ನೀರು ಚಿಕ್ಕದಾಗುವುದಿಲ್ಲ.

ಇದನ್ನು ಕಂಡುಕೊಂಡವರು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್. 1870ರ ದಶಕದಲ್ಲಿ ಟಾರ್ಕೀ ಊರಿನ ಬಳಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ, ಮೇಣದಿಂದ ಮಾಡಿದ ಹಡಗಿನ ಮಾದರಿಗಳನ್ನು ಅದರಲ್ಲಿ ಎಳೆದು ಪರೀಕ್ಷಿಸಿದರು. ಮಾದರಿ ಎಬ್ಬಿಸುವ ಅಲೆ ದೊಡ್ಡ ಹಡಗಿನ ಅಲೆಯ ಆಕಾರಕ್ಕೇ ಹೊಂದಬೇಕಾದರೆ ವೇಗವನ್ನು ಅಳತೆಯ ವರ್ಗಮೂಲದಷ್ಟು ಇಳಿಸಬೇಕು ಎಂದು ಅವರು ತೋರಿಸಿದರು. 350ರ ವರ್ಗಮೂಲ ಸುಮಾರು 18.7. ಅಂದರೆ 18 ನಾಟ್ ವೇಗದ ಮಿಕಾಸಾ, 1/350ರಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ಸಾಗಬೇಕು. ಬರೀ 350ರಿಂದ ಭಾಗಿಸಿದರೆ ಸೆಕೆಂಡಿಗೆ ಎರಡೂವರೆ ಸೆಂಟಿಮೀಟರ್ ಆಗುತ್ತದೆ. ಆ ವೇಗದಲ್ಲಿ ಮಾದರಿಯ ಮೂತಿಯ ಮುಂದೆ ಅಲೆಯೇ ಏಳುವುದಿಲ್ಲ.

ನೀರಿನ ಉಜ್ಜಾಟ ಮಾತ್ರ ಈ ನಿಯಮಕ್ಕೆ ಬಗ್ಗುವುದಿಲ್ಲ ಎಂಬುದೂ ಫ್ರೂಡ್‌ಗೆ ಗೊತ್ತಿತ್ತು. ಅದನ್ನು ಅವರು ಬೇರೆಯಾಗಿ ಲೆಕ್ಕ ಹಾಕಿದರು. ಅಷ್ಟಕ್ಕೇ ಬಿಡದೆ ‘ಗ್ರೇಹೌಂಡ್’ ಎಂಬ ನಿಜವಾದ ನೌಕೆಯನ್ನು ಸಮುದ್ರದಲ್ಲಿ ಎಳೆಸಿ, ಮಾದರಿಯ ಫಲಿತಾಂಶದ ಜೊತೆ ಹೋಲಿಸಿ ನೋಡಿದರು. ಹೊಸ ಹಡಗು ಕಟ್ಟುವ ಮುಂಚೆ ತೊಟ್ಟಿಯಲ್ಲಿ ಮಾದರಿ ಪರೀಕ್ಷಿಸುವ ಪದ್ಧತಿ ಇಂದಿಗೂ ಇದೆ.

ಸಮಯಕ್ಕೂ ಇದೇ ವರ್ಗಮೂಲದ ಲೆಕ್ಕ. ದೊಡ್ಡ ಹಡಗೊಂದು ಅತ್ತಿತ್ತ ಒಮ್ಮೆ ವಾಲಿ ಬರಲು 14 ಸೆಕೆಂಡ್ ತೆಗೆದುಕೊಂಡರೆ ಅದರ 1/350 ಮಾದರಿ ಮುಕ್ಕಾಲು ಸೆಕೆಂಡಿನಲ್ಲಿ ವಾಲಿ ಮುಗಿಸುತ್ತದೆ. ತೊಟ್ಟಿಯಲ್ಲಿ ಆಟಿಕೆ ದೋಣಿ ಪಟಪಟನೆ ಕುಣಿಯುವುದು ಇದಕ್ಕೇ. ಮಾದರಿ ಹಡಗು ಬಳಸಿ ಸಿನಿಮಾ ಮಾಡುವವರು ವೇಗದ ಕ್ಯಾಮೆರಾದಲ್ಲಿ ಚಿತ್ರಿಸಿ, ನಿಧಾನವಾಗಿ ಓಡಿಸಿ ಈ ಕುಣಿತವನ್ನು ಮರೆಮಾಡುತ್ತಾರೆ.

ನಂಬಿಕೆ 6: ‘ಆಟಿಕೆ ತಾನೇ, ಅದರಲ್ಲಿ ಅಪಾಯವೇನು?’

ವಾಸ್ತವ: ಒಳ್ಳೆಯ ಹವ್ಯಾಸ. ಆದರೆ ಬಳಸುವ ವಸ್ತುಗಳು ಆಟಿಕೆಯಲ್ಲ. ಈ ಭಾಗವನ್ನು ಮಕ್ಕಳಿರುವ ಮನೆಯವರು ದಯವಿಟ್ಟು ಪೂರ್ತಿ ಓದಿ.

ಪ್ಲಾಸ್ಟಿಕ್ ಕಿಟ್‌ಗೆ ಬಳಸುವ ವಿಶೇಷ ಅಂಟು ನಿಜಕ್ಕೂ ಅಂಟಿಸುವುದಿಲ್ಲ. ಅದು ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಸ್ವಲ್ಪ ಕರಗಿಸಿ ಬೆಸೆಯುತ್ತದೆ. ಹಾಗೆ ಕರಗಿಸುವ ದ್ರಾವಕಗಳ ಆವಿ ತಲೆಸುತ್ತು, ತಲೆನೋವು ತರಬಹುದು. ಹಲವು ಅಂಟುಗಳು ಸುಲಭವಾಗಿ ಬೆಂಕಿಯನ್ನೂ ಹಿಡಿಯುತ್ತವೆ. ಕಿಟಕಿ ತೆರೆದು, ಗಾಳಿ ಹೊರಹೋಗುವಂತೆ ಫ್ಯಾನ್ ಇಟ್ಟುಕೊಂಡು ಕೆಲಸ ಮಾಡಿ. ಗ್ಯಾಸ್ ಒಲೆ, ದೀಪ, ಊದುಬತ್ತಿಯ ಹತ್ತಿರ ಬೇಡ.

‘ಮಾಸ್ಕ್ ಹಾಕಿದ್ದೇನೆ, ಸಾಕು’ ಎಂಬುದೂ ಅರೆಸತ್ಯ. ಎನ್-95 ಮಾಸ್ಕ್ ಸ್ಯಾಂಡ್‌ಪೇಪರ್ ಉಜ್ಜುವಾಗಿನ ಧೂಳನ್ನು ತಡೆಯುತ್ತದೆ, ಅಂಟು ಮತ್ತು ಥಿನ್ನರ್‌ನ ಆವಿಯನ್ನು ತಡೆಯುವುದಿಲ್ಲ. ಆವಿಗೆ ಬೇಕಾದದ್ದು ಗಾಳಿಯಾಡುವ ಜಾಗ, ಇಲ್ಲವೇ ಅದಕ್ಕೆಂದೇ ಮಾಡಿದ ಕಾರ್ಟ್ರಿಜ್ ಮಾಸ್ಕ್.

ಹಿತ್ತಾಳೆಯ ರೇಲಿಂಗ್ ಅಂಟಿಸಲು ಫೆವಿಕ್ವಿಕ್ ಥರದ ಸೂಪರ್ ಗ್ಲೂ ಬೇಕಾಗುತ್ತದೆ. ಅದು ಚೆಲ್ಲಿದರೆ ಹತ್ತಿ ಅಥವಾ ಹತ್ತಿ ಬಟ್ಟೆಯಿಂದ ಒರೆಸಬೇಡಿ. ಹತ್ತಿಯ ಜೊತೆ ಅದು ವೇಗವಾಗಿ ಪ್ರತಿಕ್ರಿಯಿಸಿ, ಚರ್ಮ ಸುಡುವಷ್ಟು ಬಿಸಿಯಾಗಬಹುದು. ಬೆರಳುಗಳು ಅಂಟಿಕೊಂಡರೆ ಎಳೆಯಬೇಡಿ. ಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ, ನಿಧಾನವಾಗಿ ಬಿಡಿಸಿ. ಕಣ್ಣಿಗೆ ಬಿದ್ದರೆ ಬಲವಂತವಾಗಿ ರೆಪ್ಪೆ ಬಿಡಿಸುವುದು, ನೇಲ್ ಪಾಲಿಶ್ ರಿಮೂವರ್ ಹಾಕುವುದು ಯಾವುದೂ ಬೇಡ. ನೀರಿನಿಂದ ತೊಳೆದು ಕೂಡಲೇ ಕಣ್ಣಿನ ವೈದ್ಯರ ಬಳಿ ಹೋಗಿ. ಸಣ್ಣ ಭಾಗಗಳನ್ನು ಕತ್ತರಿಸುವಾಗ ಚೂರು ಸಿಡಿಯುತ್ತದೆ, ಹಾಗಾಗಿ ಕನ್ನಡಕ ಹಾಕಿಕೊಳ್ಳಿ.

ಭಾರಕ್ಕೆಂದು ಸೀಸದ ಗುಂಡು ಬಳಸುವವರಿದ್ದಾರೆ. ಸೀಸ ವಿಷ, ಮಕ್ಕಳಿಗಂತೂ ಹೆಚ್ಚು. ಉಕ್ಕಿನ ಬೋಲ್ಟು, ನಟ್ಟು ಬಳಸಿದರೂ ಅದೇ ಕೆಲಸವಾಗುತ್ತದೆ. ಹಳೆಯ ಮಾದರಿಗಳಲ್ಲಿನ ಸೀಸದ ಬಿಡಿಭಾಗಗಳು, ಮುಚ್ಚಿದ ಮರದ ಪೆಟ್ಟಿಗೆಯಲ್ಲಿ ಮರದಿಂದ ಹೊರಬರುವ ಆಮ್ಲದ ಆವಿಗೆ ಕೊಳೆತು ಬಿಳಿ ಪುಡಿಯಾಗುವುದುಂಟು. ಅಂಥ ಪುಡಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಊದಬೇಡಿ.

ಕಟ್ಟುವ ಕ್ರಮ ಹೇಗೆ?

ಮೊದಲ ಸಲ ಕಟ್ಟುವವರಿಗೆ ಈ ಕ್ರಮ ಸಾಕು. ಒಂದು, ದಿನಾಂಕ ಆರಿಸಿ, ಫೋಟೋ ಕೂಡಿಸಿಕೊಳ್ಳಿ. ಎರಡು, ಭಾಗಗಳನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಮೂರು, ಅಂಟು ಹಚ್ಚುವ ಮುಂಚೆ ಸುಮ್ಮನೆ ಜೋಡಿಸಿ ನೋಡಿ. ನಾಲ್ಕು, ಒಡಲು ಮತ್ತು ಡೆಕ್ ಮುಗಿಸಿ. ಐದು, ಗೋಪುರ, ಹೊಗೆ ಕೊಳವೆ, ದೋಣಿಗಳನ್ನು ಬೇರೆಯಾಗಿಯೇ ಬಣ್ಣ ಬಳಿದು ಆಮೇಲೆ ಕೂರಿಸಿ. ಕೊನೆಗೆ ರೇಲಿಂಗ್, ಕಂಬ, ತಂತಿ. ತಂತಿಯನ್ನು ಮೊದಲೇ ಕಟ್ಟಿದರೆ ಮುಂದಿನ ಕೆಲಸದಲ್ಲಿ ಕೈ ತಾಗಿ ಕಿತ್ತುಬರುತ್ತದೆ. ಮುಗಿದ ಮಾದರಿಯನ್ನು ನೇರ ಬಿಸಿಲು ಬೀಳದ ಜಾಗದಲ್ಲಿಡಿ. ಬಿಸಿಲಿಗೆ ಬಣ್ಣ ಮಾಸುತ್ತದೆ, ಪ್ಲಾಸ್ಟಿಕ್ ಹಳದಿಯಾಗುತ್ತದೆ.

ಫಾರ್ವರ್ಡ್ ಬಂದ ಚಿತ್ರ ಹಡಗಿನದೋ, ಮಾದರಿಯದೋ?

ಮೇಲಿನ ಲೆಕ್ಕಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಚಿತ್ರ ಹಿಗ್ಗಿಸಿ ಇವನ್ನು ನೋಡಿ:

- ರೇಲಿಂಗ್ ಮತ್ತು ತಂತಿ: ಮನುಷ್ಯನ ತೋಳಿನಷ್ಟು ದಪ್ಪ ಕಂಡರೆ ಬಹುಶಃ ಮಾದರಿ.
- ನೀರು: ಹನಿಯ ಗಾತ್ರ ಇಳಿಯುವುದಿಲ್ಲ. ಹಡಗಿನ ಮೂತಿಯ ಬಳಿ ಕಿಟಕಿಯಷ್ಟು ದೊಡ್ಡ ಹನಿಗಳು ಕಂಡರೆ ಅದು ತೊಟ್ಟಿಯ ನೀರು.
- ಮಸುಕು: ಹತ್ತಿರದಿಂದ ತೆಗೆದ ಮಾದರಿಯ ಚಿತ್ರದಲ್ಲಿ ಹಡಗಿನ ಮಧ್ಯಭಾಗ ಸ್ಪಷ್ಟ, ಎರಡೂ ತುದಿ ಮಸುಕು. ದೂರದ ನಿಜ ಹಡಗು ಸಾಮಾನ್ಯವಾಗಿ ಪೂರ್ತಿ ಸ್ಪಷ್ಟ.
- ವಿಡಿಯೋದಲ್ಲಿ ಚಲನೆ: ಪಟಪಟನೆ ವಾಲಿದರೆ ಚಿಕ್ಕದು.
- ಇತಿಹಾಸ: ‘ಇಂದು ಸಮುದ್ರದಲ್ಲಿ ಸಾಗುತ್ತಿರುವ ಮಿಕಾಸಾ’ ಎಂದು ಬರೆದಿದ್ದರೆ ಅದು ಸುಳ್ಳು. ಹಡಗು ಕಾಂಕ್ರೀಟಿನಲ್ಲಿ ಕೂತಿದೆ.

ಒಂದೇ ಗುರುತನ್ನು ನೆಚ್ಚಿಕೊಳ್ಳಬೇಡಿ. ಫೋನಿನ ಕ್ಯಾಮೆರಾ ನಿಜವಾದ ಹಡಗಿನ ಅಂಚನ್ನೂ ಮಸುಕು ಮಾಡಿ ಆಟಿಕೆಯಂತೆ ತೋರಿಸಬಲ್ಲದು. ಎರಡು ಮೂರು ಗುರುತು ಒಟ್ಟಿಗೆ ಸಿಕ್ಕರೆ ಮಾತ್ರ ತೀರ್ಮಾನಕ್ಕೆ ಬನ್ನಿ.

ಕೊನೆಯದಾಗಿ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನಮ್ಮಲ್ಲಿದೆ. ಮಾದರಿ ಕಟ್ಟುವವರು ಮಾಡುವುದು ಬಹುಪಾಲು ಇದನ್ನೇ. ಒಂದು ಅಡಿಗಿಂತ ತುಸು ಉದ್ದದ ವಸ್ತುವಿಗಾಗಿ ಫೋಟೋದ ದಿನಾಂಕ ನೋಡುತ್ತಾರೆ, ಅಳತೆ ಭಾಗಿಸುತ್ತಾರೆ, ಒಂದು ಮೂಲ ಹೇಳಿದ್ದನ್ನು ಇನ್ನೊಂದರ ಜೊತೆ ಹೋಲಿಸುತ್ತಾರೆ. ಸುಶಿಮಾದಲ್ಲಿ, ಸಾಸೆಬೊದಲ್ಲಿ ಸತ್ತವರು ನಿಜವಾದ ಜನ. ಅವರಿದ್ದ ಹಡಗು ಹೇಗಿತ್ತು ಎಂದು ಹೇಳುವಾಗ ಸುಮ್ಮನೆ ಊಹಿಸಿ ಹೇಳಬಾರದು ಎಂಬ ಕಾಳಜಿ ಅದರ ಹಿಂದಿದೆ.

ಮುಂದಿನ ಸಲ ಹಳೆಯ ಯುದ್ಧನೌಕೆಯ ಚಿತ್ರ ಬಂದಾಗ ಫಾರ್ವರ್ಡ್ ಒತ್ತುವ ಮುಂಚೆ ಮೂರು ಪ್ರಶ್ನೆ ಕೇಳಿ: ಇದು ಹಡಗೋ, ಮಾದರಿಯೋ, ವರ್ಣಚಿತ್ರವೋ? ಯಾವ ವರ್ಷದ್ದು? ಬಣ್ಣ ಎಲ್ಲಿಂದ ಬಂತು? ಉತ್ತರ ಸಿಕ್ಕರೆ ಚಿತ್ರದ ಜೊತೆ ಅದನ್ನೂ ಬರೆದು ಕಳಿಸಿ. ಸಿಗದಿದ್ದರೆ ‘ಖಚಿತವಿಲ್ಲ’ ಎಂದು ಒಂದು ಸಾಲು ಸೇರಿಸಿ, ಅಥವಾ ಕಳಿಸದೇ ಇರಿ. ಮನೆಯಲ್ಲಿ ಯಾರಾದರೂ ಮಾದರಿ ಕಟ್ಟುತ್ತಿದ್ದರೆ ಅಂಟು ಮತ್ತು ಸೀಸದ ಭಾಗವನ್ನು ಅವರಿಗೆ ಇವತ್ತೇ ತೋರಿಸಿ.